ತೂಕ ನೋಡಿ ಟ್ರಾನ್ಸ್‌ಫಾರ್ಮರ್ ಕೊಳ್ಳುವವರಿಗೆ

ವಾಲ್ವ್ ಗಿಟಾರ್ ಆಂಪ್ಲಿಫಯರನ್ನು ಮನೆಯಲ್ಲೇ ಕಟ್ಟುವವರಿಗೆ ‘ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಭಾರವಾದಷ್ಟೂ ಲೇಸು’ ಎಂಬ ಉಪದೇಶ ಧಾರಾಳವಾಗಿ ದೊರೆಯುತ್ತದೆ. ನಾನಿದನ್ನು ಖಂಡಿತ ಒಪ್ಪಲಾರೆ. 1950ರ ದಶಕದ ಫೆಂಡರ್ ಚಾಂಪ್‌ನಂತೆ ಒಂದೇ 6ವಿ6 ವಾಲ್ವಿನ, ಸುಮಾರು 5 ವಾಟಿನ ಯಂತ್ರವನ್ನು ಪರಿಗಣಿಸಿ. ವಾಲ್ವಿಗೆ 5000 ಓಮ್ ಬೇಕು, ನಿಮ್ಮ ಸ್ಪೀಕರು 8 ಓಮ್, ಅನುಪಾತ 625. ಅದರ ವರ್ಗಮೂಲ 25 ಎಂಬುದೇ ಸುತ್ತುಗಳ ಅನುಪಾತ. (ತರಗತಿಯಲ್ಲಿ ಮಾಡಿದ ಲೆಕ್ಕವೇ, ಮರೆತಿರೋ?) ಒಂಟಿ ವಾಲ್ವಿನ ಏಕಮುಖ ವಿದ್ಯುತ್ತು ಪ್ರಾಥಮಿಕ ಸುರುಳಿಯಲ್ಲಿ ಸದಾ ಹರಿಯುವುದರಿಂದ ಕಬ್ಬಿಣದ ತಿರುಳಿನಲ್ಲಿ ಗಾಳಿಯ ತೆರಪು ಅತ್ಯಗತ್ಯ. ತೆರಪಿಲ್ಲದ ಪುಷ್-ಪುಲ್ ಮಾಲನ್ನು ಅಂಗಡಿಯವರು ಎಷ್ಟೇ ಹೊಗಳಲಿ, ಅದರ ತಿರುಳು ಪರ್ಯಾಪ್ತಗೊಂಡು ಮಂದ್ರಸ್ವರಗಳು ಸೊರಗುತ್ತವೆ. ಇನ್ನು ದುಬಾರಿ ಹೈಫೈ ಮಾಲು! ಗಿಟಾರಿನ ಅತಿ ತಗ್ಗಿನ ತಂತಿಯೇ ಸುಮಾರು 82 ಹರ್ಟ್ಸ್. 20 ಹರ್ಟ್ಸ್‌ಗಾಗಿ ಹಣ ತೆರುವುದೇಕೆ? ಆ ಹಣದಲ್ಲಿ ಒಳ್ಳೆಯ ಸ್ಪೀಕರನ್ನೇ ಕೊಳ್ಳಿರಿ.