ಆ ಕೊಠಡಿಯ ಬೀಗ ತೆಗೆಸಿ

ಚಲನಚಿತ್ರ ಸಂಸ್ಥೆಯ ಅಧ್ಯಕ್ಷರಿಗೆ,

ಮಾನ್ಯರೇ,

ಚಿತ್ರೋತ್ಸವದ ಸಂವಾದದಲ್ಲಿ ನೀವು ಕೊಟ್ಟ ಮಾತು ಅಲ್ಲಿದ್ದವರಿಗೆಲ್ಲ ನೆನಪಿದೆ. ಕಡಿಮೆ ಬಂಡವಾಳದ ಕನ್ನಡ ಚಿತ್ರಗಳ ಕಲರ್ ಗ್ರೇಡಿಂಗ್, ಚಿತ್ರಮಂದಿರಕ್ಕೆ ಬೇಕಾದ ಡಿಜಿಟಲ್ ಪ್ರತಿ ಅಂದರೆ ಡಿಸಿಪಿ ಕೆಲಸವನ್ನು ಸಂಸ್ಥೆಯ ಕೊಠಡಿಯಲ್ಲೇ ರಿಯಾಯಿತಿ ದರದಲ್ಲಿ ಮಾಡಿಕೊಡುತ್ತೇವೆ ಎಂದಿರಿ. ಯಂತ್ರಗಳು ಬಂದವು, ಕೊಠಡಿಗೆ ಬೀಗ ಬಿತ್ತು. ಮನವಿ ಕೊಟ್ಟೆವು, ನೆನಪೋಲೆ ಬರೆದೆವು, ನಿಮ್ಮ ಆಪ್ತ ಸಹಾಯಕರ ಮೇಜಿನ ಮುಂದೆ ಕಾದು ನಿಂತೆವು. ಕೊನೆಗೆ ಸಿಕ್ಕ ಉತ್ತರ: ‘ಈಗೆಲ್ಲ ಲ್ಯಾಪ್‌ಟಾಪ್‌ನಲ್ಲೇ ಆಗುತ್ತಲ್ಲ, ಮನೆಯಲ್ಲೇ ಮಾಡ್ಕೊಳ್ಳಿ.’

ಲ್ಯಾಪ್‌ಟಾಪ್‌ನಲ್ಲಿ ಸಂಕಲನ ಆಗುತ್ತದೆ ಸ್ವಾಮಿ. ಪ್ರಾಕ್ಸಿ, ಅಂದರೆ ಹಗುರ ಪ್ರತಿ ಮಾಡಿಕೊಂಡು ನಾವೂ ಹಾಗೆಯೇ ಮುಗಿಸಿದ್ದೇವೆ. ಆದರೆ 4ಕೆ ಪ್ರೊರೆಸ್ 422 ಎಚ್‌ಕ್ಯೂ ಮಾದರಿಯಲ್ಲಿ ಒಂದು ಗಂಟೆಯ ಚಿತ್ರಿಕೆಗೆ ಸುಮಾರು 340 ಜಿಬಿ ಬೇಕು. 30 ಗಂಟೆ ಚಿತ್ರೀಕರಿಸಿದರೆ 10 ಟಿಬಿ. ಒಂದು ಡಿಸ್ಕ್ ಕೆಟ್ಟರೆ ಚಿತ್ರವೇ ಹೋದಂತೆ, ಹಾಗಾಗಿ ಇನ್ನೊಂದು ಪ್ರತಿ ಇಡಲೇಬೇಕು. ಅಲ್ಲಿಗೆ 20 ಟಿಬಿ. ಇದಿನ್ನೂ ಗ್ರೇಡಿಂಗ್‌ಗೆ ಕೂರುವ ಮುಂಚಿನ ಖರ್ಚು.

ಚಿತ್ರಮಂದಿರದ ಪ್ರೊಜೆಕ್ಟರ್ ತೋರಿಸುವ ಬಣ್ಣ, ಕತ್ತಲು ಲ್ಯಾಪ್‌ಟಾಪ್ ಪರದೆಯಲ್ಲಿ ಕಾಣುವಂಥದ್ದಲ್ಲ. ನಮ್ಮ ಚಿತ್ರದಲ್ಲಿ ಅಜ್ಜಿಯೊಬ್ಬಳು ಲಾಟೀನಿನ ಬೆಳಕಿನಲ್ಲಿ ಅಕ್ಕಿ ಆರಿಸುತ್ತಾಳೆ. ಮನೆಯಲ್ಲಿ ನೋಡಿದಾಗ ಅವಳ ಬೆರಳಿನ ಸುಕ್ಕೂ ಕಾಣುತ್ತಿತ್ತು. ಪರೀಕ್ಷಾ ಪ್ರದರ್ಶನದಲ್ಲಿ ಮೊರವೂ ಇಲ್ಲ, ಕೈಯೂ ಇಲ್ಲ, ಬರೀ ಕಪ್ಪು. ಛಾಯಾಗ್ರಾಹಕ ಸಂಭಾವನೆ ಕೇಳದೆ ತೆಗೆದುಕೊಟ್ಟ ದೃಶ್ಯ ಅದು. ಕ್ಯಾಲಿಬ್ರೇಟ್ ಆದ ಪ್ರೊಜೆಕ್ಟರ್ ಮುಂದೆ ಕೂತು ಸರಿಮಾಡಬಹುದಾಗಿತ್ತು. ಖಾಸಗಿ ಸ್ಟುಡಿಯೋದಲ್ಲಿ ಗಂಟೆ ಲೆಕ್ಕದ ಬಾಡಿಗೆ ಕೊಡಲು ನಮ್ಮಲ್ಲಿ ದುಡ್ಡಿಲ್ಲ. ನಿಮ್ಮಲ್ಲಿ ಕೊಠಡಿ ಇದೆ, ನೀವೇ ಕೊಟ್ಟ ಮಾತಿದೆ, ಬಾಗಿಲು ಮಾತ್ರ ತೆಗೆಯುವುದಿಲ್ಲ.

ಸರ್ಕಾರದ ಸಹಾಯಧನ ಇದೆಯಲ್ಲ ಎನ್ನಬೇಡಿ. ಅದು ಸಿಗುವುದು ಸೆನ್ಸಾರ್ ಆದ ಚಿತ್ರಕ್ಕೆ. ಸೆನ್ಸಾರ್‌ಗೆ ಹೋಗಬೇಕಾದರೆ ಚಿತ್ರ ಮುಗಿದಿರಬೇಕು. ಮುಗಿಸಲು ಕೈಯಲ್ಲಿ ಕಾಸಿಲ್ಲದವನು ಏನು ಮಾಡಬೇಕು?

ಪಕ್ಕದ ಕೇರಳವನ್ನು ನೋಡಿ. ಅಲ್ಲಿನ ಸರ್ಕಾರ 1975ರಲ್ಲೇ ಚಲನಚಿತ್ರ ಅಭಿವೃದ್ಧಿ ನಿಗಮ ಕಟ್ಟಿತು. ಅದರ ಚಿತ್ರಾಂಜಲಿ ಸ್ಟುಡಿಯೋ ಸಣ್ಣ ಚಿತ್ರಗಳಿಗೆಂದೇ ಪ್ಯಾಕೇಜ್ ಯೋಜನೆ ನಡೆಸಿಕೊಂಡು ಬಂದಿದೆ. ನಮ್ಮಲ್ಲಿ ಚಿತ್ರನಗರಿಯ ಘೋಷಣೆಗಳಿಗೇನೂ ಬರವಿಲ್ಲ. 2015ರಲ್ಲಿ ಕನ್ನಡದ ‘ತಿಥಿ’ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದದ್ದನ್ನು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೀರಿ. ಅಂಥ ಇನ್ನೊಂದು ಚಿತ್ರ ಯಾರದೋ ಹಾರ್ಡ್‌ಡಿಸ್ಕ್‌ನಲ್ಲಿ ಅರ್ಧಕ್ಕೆ ನಿಂತಿದ್ದರೆ ಅದನ್ನು ಕೇಳುವವರು ಯಾರು? ಗೆದ್ದ ಮೇಲೆ ಶಾಲು ಹೊದಿಸಲು ಎಲ್ಲರೂ ಬರುತ್ತಾರೆ.

ನಾವು ಉಚಿತವಾಗಿ ಏನನ್ನೂ ಕೇಳುತ್ತಿಲ್ಲ. ಬೀಗ ತೆಗೆಸಿ. ಅನುಭವವಿರುವ ಒಬ್ಬ ಕಲರಿಸ್ಟ್ ಅನ್ನು ನೇಮಿಸಿ. ದರಪಟ್ಟಿಯನ್ನು ಬಾಗಿಲಿಗೆ ಅಂಟಿಸಿ, ಅರ್ಜಿ ಹಾಕಿದವರ ಸರದಿ ಎಲ್ಲರಿಗೂ ಕಾಣುವಂತಿರಲಿ. ಇದು ಆಗದ ಕೆಲಸವಾದರೆ ಆಗುವುದಿಲ್ಲವೆಂದು ನಿಮ್ಮ ಸಹಿ ಹಾಕಿ ತಿಳಿಸಿ. ಎರಡರಲ್ಲಿ ಯಾವುದೇ ಇರಲಿ, ಈ ತಿಂಗಳೊಳಗೆ ಲಿಖಿತ ಉತ್ತರ ಕೊಡಿ.

ಇಂತಿ,
ಒಬ್ಬ ಸ್ವತಂತ್ರ ಚಿತ್ರನಿರ್ದೇಶಕ