ದೊಡ್ಡವರಿಗೂ ಒಂದು ಬಯಲು ಪಾಠಶಾಲೆ

ಬೇಸಗೆಯ ರಜೆ ಬಂತೆಂದರೆ ಮಕ್ಕಳಿಗಾಗಿ ಶಿಬಿರಗಳನ್ನು ಏರ್ಪಡಿಸುವ ಉತ್ಸಾಹವು ಹಾಸನದಲ್ಲಿಯೂ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಂತಹ ತಾಲ್ಲೂಕು ಪಟ್ಟಣಗಳಲ್ಲಿಯೂ ಕಂಡುಬರುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಪಿತ್ರಾರ್ಜಿತವಾದ ಹೊಲವನ್ನು ಮಾರಬೇಕೋ ಉಳಿಸಿಕೊಳ್ಳಬೇಕೋ, ಬದುವಿನ ಹೊಂಗೆಯನ್ನು ಕಡಿಸಬೇಕೋ ಬಿಡಬೇಕೋ, ಕೆರೆಯಂಗಳಕ್ಕೆ ಮಣ್ಣು ತುಂಬುವವರನ್ನು ತಡೆಯಬೇಕೋ ಸುಮ್ಮನಿರಬೇಕೋ ಎಂಬ ತೀರ್ಮಾನಗಳನ್ನು ಕೈಗೊಳ್ಳತಕ್ಕವರು ಆ ಮಕ್ಕಳಲ್ಲ, ಅವರನ್ನು ಶಿಬಿರದ ಬಾಗಿಲಲ್ಲಿ ಇಳಿಸಿ ಹಿಂದಿರುಗುವ ತಂದೆತಾಯಿಗಳು. ಕಚೇರಿ, ಬ್ಯಾಂಕು, ಶಾಲೆಗಳಲ್ಲಿ ದುಡಿಯುವ ಈ ವಯಸ್ಕರಲ್ಲಿ ಅನೇಕರ ಹೆಸರಿನಲ್ಲಿ ಪಹಣಿಯಿದೆ; ಪಹಣಿಯಲ್ಲಿರುವ ಭೂಮಿಯ ಪರಿಚಯವಿಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಪ್ರಬಂಧಗಳನ್ನು ಓದಿ ಹಳ್ಳಿಯನ್ನು ಮೆಚ್ಚಿಕೊಳ್ಳುವುದಕ್ಕೂ ಹಳ್ಳಿಯನ್ನು ಅರಿಯುವುದಕ್ಕೂ ಅಂತರವುಂಟಷ್ಟೆ.

ನೆಲದ ಇಂತಹ ಅರಿವನ್ನು ದೊಡ್ಡವರೂ ಕಲಿಯಬಹುದು. ಅಮೆರಿಕದ ಅರಿಜೋನಾ, ಯೂಟಾ ಮೊದಲಾದ ಮರುಭೂಮಿಯ ಸೀಮೆಗಳಲ್ಲಿ ವಯಸ್ಕರು ವಾರಾಂತ್ಯದಲ್ಲಿ ಬಯಲಿಗೆ ಹೋಗಿ, ನೀರಿನ ಜಾಡನ್ನು ಗುರುತಿಸುವುದನ್ನೂ ಕತ್ತಾಳೆಯ ನಾರಿನಿಂದ ಹುರಿ ಹೊಸೆಯುವುದನ್ನೂ ಹಣ ತೆತ್ತು ಕಲಿಯುತ್ತಾರೆ. ನಮ್ಮದು ಮರುಭೂಮಿಯಲ್ಲ. ಆದರೂ ಹಾಸನವೆಂಬ ಒಂದೇ ಜಿಲ್ಲೆಯ ಪಶ್ಚಿಮದಂಚಿನ ಸಕಲೇಶಪುರದಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ ಪೂರ್ವದ ಚನ್ನರಾಯಪಟ್ಟಣವನ್ನು ತಲಪುವಷ್ಟರಲ್ಲಿ ಸುಮಾರು 700 ಮಿಲಿಮೀಟರಿಗೆ ಇಳಿದುಬಿಡುವುದರಿಂದ, ಅಲ್ಪಜಲದಲ್ಲಿ ಜೀವನವನ್ನು ಸಾಗಿಸುವ ವಿದ್ಯೆಯೊಂದು ನಮ್ಮ ಪೂರ್ವಿಕರಲ್ಲಿಯೂ ಬೆಳೆದುಬಂದಿತು. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ಣವಾಗಿ ನಾಲೆಗಳು ಹರಿದ ಮೇಲೆ, ಆ ವಿದ್ಯೆಯು ಇನ್ನು ಬೇಡವೆಂಬ ಭ್ರಮೆ ನಮ್ಮನ್ನು ಆವರಿಸಿತು.

ಆ ವಿದ್ಯೆಯ ಸ್ವರೂಪವೇನೆಂದು ಕೇಳುವವರಿಗೆ ರಾಗಿ ಹೊಲದ ಅಕ್ಕಡಿ ಸಾಲೇ ಸಾಕು. ರಾಗಿಯ ನಡುನಡುವೆ ಅವರೆ, ಅಲಸಂದೆ, ಜೋಳ, ಹುಚ್ಚೆಳ್ಳು, ಸಾಸಿವೆಗಳನ್ನು ಸಾಲುಗಟ್ಟಿ ಬಿತ್ತುವಾಗ, ಅವರೆಯ ಬೇರು ಭೂಮಿಗೆ ಸಾರಜನಕವನ್ನು ಕೂಡಿಸುವುದು, ಹುಚ್ಚೆಳ್ಳಿನ ಹೂವು ಜೇನನ್ನು ಕರೆಯುವುದು, ಮಳೆ ಕೈಕೊಟ್ಟು ಒಂದು ಬೆಳೆ ಕೆಟ್ಟರೂ ಮತ್ತೊಂದು ಒಲೆಯನ್ನು ಉರಿಸುವುದು ಎಂಬಿವೆಲ್ಲವೂ ರೈತನ ಲೆಕ್ಕದಲ್ಲಿರುತ್ತಿದ್ದವು. ಭರಣಿಯಿಂದ ಸ್ವಾತಿಯವರೆಗೆ, ಹದಿಮೂರು ಹದಿನಾಲ್ಕು ದಿನಗಳಿಗೊಂದರಂತೆ ಬದಲಾಗುವ ಮಳೆ ನಕ್ಷತ್ರಗಳೇ ಅವನ ಪಂಚಾಂಗ.

ಇನ್ನು ಹಗೇವಿನ ವಿಷಯ. ಗಟ್ಟಿಮಣ್ಣಿನ ನೆಲದಲ್ಲಿ ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿ ಅಗೆದ ಆ ಗುಳಿಯಲ್ಲಿ ರಾಗಿಯನ್ನು ತುಂಬಿ ಬಾಯಿ ಮುಚ್ಚಿಬಿಟ್ಟರೆ, ಧಾನ್ಯವು ತನ್ನ ಉಸಿರಾಟದಿಂದಲೇ ಒಳಗಿನ ಪ್ರಾಣವಾಯುವನ್ನು ಕಳೆದು ಇಂಗಾಲಾಮ್ಲ ಅನಿಲವನ್ನು ತುಂಬುವುದರಿಂದ, ಹುಳುವಿಗೆ ಅಲ್ಲಿ ಬದುಕಿಲ್ಲ. ರಾಗಿಯಾದರೋ ವರ್ಷಗಟ್ಟಲೆ ಕೆಡದು. ಹುಳುವನ್ನು ಕೊಲ್ಲುವ ಆ ಗಾಳಿ ಮನುಷ್ಯನನ್ನೂ ಕೊಲ್ಲಬಲ್ಲುದಾದ ಕಾರಣ, ಬಾಯಿ ತೆಗೆದೊಡನೆ ಯಾರೂ ಇಳಿಯುತ್ತಿರಲಿಲ್ಲ: ಬಹಳ ಹೊತ್ತು ತೆರೆದಿಟ್ಟು, ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಕಾಲಿಡುತ್ತಿದ್ದರು. ರಸಾಯನಶಾಸ್ತ್ರದ ಪದವೀಧರರು ಒಂದು ಭಾನುವಾರ ಇಂತಹ ಗುಳಿಯ ಪಕ್ಕದಲ್ಲಿ ನಿಂತು ಪಾಠ ಕೇಳಿದರೆ ಅವರ ಶಾಸ್ತ್ರಕ್ಕೇನೂ ಅವಮಾನವಾಗದು.

ಮಳೆಗಾಲದಲ್ಲಿ ಬೆರಕೆ ಸೊಪ್ಪಿನ ಪಾಠವಾಗಲಿ. ಅಣ್ಣೆ, ಹೊನಗೊನೆ, ಗೋಣಿ, ಕನ್ನೆಸೊಪ್ಪುಗಳನ್ನು ಕಳೆಯ ನಡುವಿನಿಂದ ಆರಿಸಿ ಮಡಿಲು ತುಂಬಿಕೊಳ್ಳುವ ಅಜ್ಜಿಯರು ಇನ್ನೂ ಇದ್ದಾರೆ. ಕಳೆನಾಶಕ ಸಿಂಪಡಿಸಿದ ಹೊಲಕ್ಕೆ ಕೈಹಾಕಬಾರದೆಂಬ ಹೊಸ ಪಾಠವನ್ನೂ ಅವರೇ ಹೇಳಿಯಾರು. ಚನ್ನರಾಯಪಟ್ಟಣದ ಕೆರೆಗಳ ಏರಿಯ ಮೇಲೆ ತೂಬು, ಕೋಡಿಗಳ ಕೆಲಸವನ್ನೂ, ಅರಕಲಗೂಡು ತಾಲ್ಲೂಕಿನ ಕಟ್ಟೇಪುರದ ಹಳೆಯ ಅಣೆಕಟ್ಟಿನ ಬಳಿ ಕಾವೇರಿಯನ್ನು ನಾಲೆಗೆ ತಿರುಗಿಸಿದ ಜಾಣ್ಮೆಯನ್ನೂ, ಬೂಕನಬೆಟ್ಟದ ಜಾತ್ರೆಯಲ್ಲಿ ಹಳ್ಳಿಕಾರ್ ರಾಸುಗಳ ಹಲ್ಲು, ಸುಳಿಗಳ ಪರೀಕ್ಷೆಯನ್ನೂ ಕಲಿಯಬಹುದು.

ವಯಸ್ಕರಿಗಾಗಿ ಪಾಠಶಾಲೆಯೆಂಬುದು ನಮ್ಮ ನಾಡಿಗೆ ಅಪರಿಚಿತವಾದ ಕಲ್ಪನೆಯೂ ಅಲ್ಲ. ಡೆನ್ಮಾರ್ಕಿನಲ್ಲಿ ಶಿಕ್ಷಣಚಿಂತಕ ಗ್ರುಂಡ್‌ವಿಗನ ಪ್ರೇರಣೆಯಿಂದ 1844ರಲ್ಲಿ ಆರಂಭವಾದ ಜನತಾ ಶಾಲೆಗಳ ಮಾದರಿಯನ್ನು ಅನುಸರಿಸಿ, ಮೈಸೂರು ಸಂಸ್ಥಾನದ ವಯಸ್ಕರ ಶಿಕ್ಷಣ ಸಮಿತಿಯು 1947ರಲ್ಲಿ ನಂಜನಗೂಡಿನಲ್ಲಿ ಮೊದಲ ವಿದ್ಯಾಪೀಠವನ್ನು ತೆರೆದು, ಗ್ರಾಮದ ತರುಣರನ್ನು ತನ್ನಲ್ಲಿಯೇ ಇರಿಸಿಕೊಂಡು ಶಿಕ್ಷಣ ಕೊಟ್ಟಿತು. ಅಂದು ಹಳ್ಳಿಯವನಿಗೆ ನಾಗರಿಕತೆಯ ವಿದ್ಯೆ ಬೇಕಾಗಿತ್ತು. ಇಂದು ನಾಗರಿಕನಿಗೆ ಹಳ್ಳಿಯ ವಿದ್ಯೆ ಬೇಕಾಗಿದೆ.

ಆದರೆ ಒಂದು ಎಚ್ಚರ. ಈ ಕುಶಲತೆಗಳು ಜಾತಿಯೊಡನೆ ಕಟ್ಟಿಹಾಕಲ್ಪಟ್ಟಿದ್ದವು. ಬುಟ್ಟಿ ಹೆಣೆದ ಮೇದರವನಿಗೂ, ಅನೇಕ ಹಳ್ಳಿಗಳಲ್ಲಿ ದಲಿತ ಮನೆತನಕ್ಕೆ ಸೇರಿದ್ದು ನಡುರಾತ್ರಿ ತೂಬು ಎತ್ತಲು ನೀರಿಗಿಳಿದ ನೀರುಗಂಟಿಗೂ ಸಂದದ್ದು ವಂದನೆಯಲ್ಲ, ನಾಲ್ಕು ಮೊರ ಧಾನ್ಯ. ಅವರ ವಿದ್ಯೆಯನ್ನು ರೆಸಾರ್ಟಿನ ಹುಲ್ಲುಹಾಸಿನ ಮೇಲೆ ಪ್ರದರ್ಶನಕ್ಕಿಟ್ಟು, ಮಡಕೆ ತಿರುಗಿಸುವವರ ಪಕ್ಕದಲ್ಲಿ ಫೋಟೋ ತೆಗೆಸಿಕೊಂಡು ಬರುವುದಾದರೆ, ಆ ಹಳೆಯ ಅನ್ಯಾಯಕ್ಕೆ ಹೊಸದೊಂದನ್ನು ಸೇರಿಸಿದಂತಾದೀತೇ ಹೊರತು ಶಿಕ್ಷಣವಾಗದು. ಗುರುವು ಕುರ್ಚಿಯ ಮೇಲೆ ಕೂತಿರಬೇಕು. ಶಿಷ್ಯನು ಕೆಸರಿನಲ್ಲಿ ನಿಂತಿರಬೇಕು.

ಇಂತಹ ಪಾಠಗಳಿಗೆ ಬೇಕಾದ ನೆಲೆಗಳು ನಮ್ಮಲ್ಲಿ ಈಗಾಗಲೇ ಇವೆ. ಹಾಸನದ ಬಳಿಯ ಕಾರೆಕೆರೆಯಲ್ಲಿ ಕೃಷಿ ಕಾಲೇಜಿದೆ. ಹೊಂಗೆ, ಬೇವು, ಹಿಪ್ಪೆಗಳ ಬಗೆಗೆ ಕೆಲಸ ಮಾಡಿದ ಜೈವಿಕ ಇಂಧನ ಉದ್ಯಾನವು ಮಡೆನೂರಿನಲ್ಲಿದೆ. ತಾಲ್ಲೂಕು ಕೇಂದ್ರಗಳಲ್ಲಿ ಗ್ರಂಥಾಲಯಗಳಿವೆ. ಹೊಸ ಕಟ್ಟಡ ಬೇಡ, ಉದ್ಘಾಟನೆಯ ಶಿಲಾಫಲಕವಂತೂ ಬೇಡವೇ ಬೇಡ. ಮುಂದಿನ ಮುಂಗಾರಿನಿಂದ ತಿಂಗಳಿಗೊಂದು ಭಾನುವಾರದಂತೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳಲ್ಲಿಯೂ ತರಗತಿಗಳನ್ನು ಆರಂಭಿಸಿ, ಕಲಿಯುವವರಿಂದ ಶುಲ್ಕ ಪಡೆದು, ಕಾಲೇಜಿನ ಅತಿಥಿ ಉಪನ್ಯಾಸಕರಿಗೆ ಸಲ್ಲುವ ಗೌರವಧನಕ್ಕಿಂತ ಒಂದು ರೂಪಾಯಿಯೂ ಕಡಮೆಯಾಗದಂತೆ ನೀರುಗಂಟಿಗೂ ಸೊಪ್ಪಿನ ಅಜ್ಜಿಗೂ ಸಲ್ಲಿಸಬೇಕೆಂದು ಈ ಸಂಸ್ಥೆಗಳನ್ನು ನಡೆಸುವವರಲ್ಲಿ ನನ್ನ ವಿಜ್ಞಾಪನೆ.