ಎರಡು ಕೊಳಗದ ನ್ಯಾಯ

ಬಡವರ ಹತ್ತಿರ ಮುಚ್ಚಿಡುವಂಥದ್ದು ಏನಿದೆ?

ಈ ಪ್ರಶ್ನೆ ಕೇಳುವವರು ಈಗ ಎಲ್ಲ ಕಡೆ ಇದ್ದಾರೆ. ಸಾಗರದ ಝೆರಾಕ್ಸ್ ಅಂಗಡಿಯಲ್ಲಿದ್ದಾರೆ, ಹೊಸನಗರದ ಕಚೇರಿ ಜಗಲಿಯಲ್ಲಿದ್ದಾರೆ, ತೀರ್ಥಹಳ್ಳಿಯ ಕಾಲೇಜು ಸ್ಟಾಫ್‌ರೂಮಿನಲ್ಲೂ ಇದ್ದಾರೆ. ಆಧಾರ್ ಕೊಡಿ, ಫೋನ್ ನಂಬರ್ ಕೊಡಿ, ಹೆಬ್ಬೆಟ್ಟು ಒತ್ತಿ, ಮುಖ ತೋರಿಸಿ. ಯಾಕ್ರೀ ಅಂದರೆ ಮುಖ ಸಿಂಡರಿಸುತ್ತಾರೆ. ಖಾಸಗಿತನ ಎಂಬುದು ಕಾಂಪೌಂಡು ಇರುವ ಮನೆಯವರ ಶೋಕಿಯಂತೆ. ಸೋಗೆ ಮನೆಯವರಿಗೆ ಅದು ಯಾಕೆ ಬೇಕಂತೆ!

ನಾವು ಹೇಳುತ್ತೇವೆ: ಈ ಪ್ರಶ್ನೆ ಎಲ್ಲರಿಗಿಂತ ಮೊದಲು ನಮ್ಮದು. ಯಾಕೆಂದರೆ ಬಲವಂತವಾಗಿ ತೆರೆಸುವುದು ಯಾವಾಗಲೂ ನಮ್ಮ ಬಾಗಿಲನ್ನೇ.

ನಮ್ಮ ಸೀಮೆಯವರಿಗೆ ಇದನ್ನು ತಿಳಿಯಲು ಕಂಪ್ಯೂಟರ್ ಶಾಸ್ತ್ರ ಬೇಕಿಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಯಾತಕ್ಕೆ? ಕೊಳಗದ ಅಳತೆಗೆ. ಗೇಣಿ ಅಳೆಸಿಕೊಳ್ಳುವಾಗ ಒಡೆಯರ ಕೊಳಗ ದೊಡ್ಡದಾಗುತ್ತಿತ್ತು. ಗಣಪತಿಯಪ್ಪನವರು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಬಂದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಳತೆ ಯಾರ ಕೈಲಿರುತ್ತದೋ ಬೆಳೆ ಅವನದು ಅಂತ ಅವತ್ತೇ ನಮ್ಮ ಹಿರಿಯರಿಗೆ ಗೊತ್ತಾಗಿತ್ತು. ಇವತ್ತು ಕಣದಲ್ಲಿ ಭತ್ತ ಇಲ್ಲ. ನಮ್ಮ ಹೆಸರು, ಜಾತಿ, ಬೆರಳು, ಮುಖ, ಸಾಲ, ರೋಗ ಇವೇ ರಾಶಿಯಾಗಿವೆ. ಕೊಳಗ ಮಾತ್ರ ಇವತ್ತಿಗೂ ಎರಡು. ನಮ್ಮಿಂದ ಅಳೆಸಿಕೊಳ್ಳಲು ದೊಡ್ಡದು, ನಮಗೆ ಅಳೆದು ಕೊಡಲು ಸಣ್ಣದು.

ಹೆಬ್ಬೆಟ್ಟಿನ ಕತೆಯನ್ನೇ ತೆಗೆದುಕೊಳ್ಳಿ. ಅಕ್ಷರ ಕೊಡದೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಏನು ಬರೆದಿದೆ ಅಂತ ಓದಿ ಹೇಳುವವರಿರಲಿಲ್ಲ. ಆ ಕಾಗದದಲ್ಲಿ ಜೀತ ಇತ್ತು, ಸಾಲ ಇತ್ತು, ಕಳಕೊಂಡ ಗದ್ದೆ ಇತ್ತು. ಆ ಮನೆಗಳಲ್ಲಿ ಮೊದಲ ಸಲ ಸಹಿ ಹಾಕಲು ಕಲಿತವರು ನಾವು. ಕಲಿತು ಪದವಿ ಹಿಡಿದು ಬರುವ ಹೊತ್ತಿಗೆ ಸರ್ಕಾರವೂ ಕಂಪನಿಗಳೂ ಮತ್ತೆ ಹೆಬ್ಬೆಟ್ಟಿಗೇ ಬಂದು ನಿಂತಿವೆ! ರೇಷನ್ನಿಗೆ ಹೆಬ್ಬೆಟ್ಟು, ಸಿಮ್ಮಿಗೆ ಹೆಬ್ಬೆಟ್ಟು, ಪಿಂಚಣಿ ಹಣ ಬಿಡಿಸಲು ಹೆಬ್ಬೆಟ್ಟು. ಏನು ಬರೆದಿದೆ ಅಂತ ಓದಿ ಹೇಳುವವರು ಈಗಲೂ ಇಲ್ಲ. ಇಂಗ್ಲಿಷಿನಲ್ಲಿ ಮಾರುದ್ದದ ಷರತ್ತು, ಕೆಳಗೊಂದು ಚೌಕ: ‘ನಾನು ಒಪ್ಪಿದ್ದೇನೆ’. ಒಪ್ಪದಿದ್ದರೆ ಆಪ್ ಮುಂದೆ ಹೋಗುವುದಿಲ್ಲ, ಅಕ್ಕಿಯೂ ಬರುವುದಿಲ್ಲ. ಬೇಡ ಅನ್ನಲು ಬಿಡದ ಕಡೆ ಸಿಕ್ಕ ಒಪ್ಪಿಗೆ ಒಪ್ಪಿಗೆಯಲ್ಲ. ಅದು ಹೊಸ ಜೀತಪತ್ರ.

ಇದರ ಫಲ ಏನು ನೋಡಿ. ಬ್ಯಾಂಕುಗಳು ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆ ಮಾಡಿವೆ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು, ಇಷ್ಟು ಸಾಕು. ಪಿನ್ ಬೇಡ, ಓಟಿಪಿ ಬೇಡ. ಬ್ಯಾಂಕಿಲ್ಲದ ಹಳ್ಳಿಗೆ ಅನುಕೂಲ ಅಂದರು. ಅನುಕೂಲ ಹೌದು, ಕಳ್ಳನಿಗೂ ಅನುಕೂಲ. 2023ರಲ್ಲಿ ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿಕೊಂಡು ಬಂದವರ ಖಾತೆಗಳಿಂದ ಹಣ ಮಾಯವಾಗತೊಡಗಿತು. ಕಾವೇರಿ ಜಾಲತಾಣದ ನೋಂದಣಿ ಪತ್ರಗಳಿಂದ ಆಧಾರ್ ಸಂಖ್ಯೆಯನ್ನೂ ಬೆರಳಚ್ಚನ್ನೂ ಎತ್ತಿ ನಕಲಿ ಬೆರಳು ತಯಾರಿಸಿದ್ದಾರೆಂದು ಪೊಲೀಸರು ಹೇಳಿದರು. ಬಿಹಾರದಿಂದ ಆರೋಪಿಗಳನ್ನು ಹಿಡಿದು ತಂದರು. ಆಮೇಲೆ ಇಲಾಖೆ ಪತ್ರಗಳಲ್ಲಿ ಬೆರಳಚ್ಚು ಮರೆಮಾಚಲು ಹೊರಟಿತು. ದನ ಹೋದ ಮೇಲೆ ಕೊಟ್ಟಿಗೆಗೆ ಅಗಳಿ.

ಪಿನ್ ಕದ್ದರೆ ಬೇರೆ ಪಿನ್ ಇಟ್ಟುಕೊಳ್ಳಬಹುದು. ಬೆರಳು ಕದ್ದರೆ ಬೇರೆ ಬೆರಳು ಎಲ್ಲಿಂದ ತರೋಣ? ಇನ್ನೊಂದು ಅನ್ಯಾಯ ನೋಡಿ. ಸುಗ್ಗಿ ಪೂರ್ತಿ ಅಡಿಕೆ ಸುಲಿದು, ಚೊಗರು ಹತ್ತಿ, ಗೆರೆ ಸವೆದ ನಮ್ಮ ಅವ್ವಂದಿರ ಬೆರಳನ್ನು ರೇಷನ್ ಅಂಗಡಿಯ ಮೆಷಿನ್ನು ಒಪ್ಪುವುದಿಲ್ಲ. ನಾಳೆ ಬನ್ನಿ ಅನ್ನುತ್ತದೆ. ಕಳ್ಳನ ನಕಲಿ ಬೆರಳನ್ನು ಬ್ಯಾಂಕಿನ ಮೆಷಿನ್ನು ತಕ್ಷಣ ಒಪ್ಪುತ್ತದೆ. ದುಡಿದ ಬೆರಳಿಗಿಲ್ಲದ ಮರ್ಯಾದೆ ಕದ್ದ ಬೆರಳಿಗೆ!

ನ್ಯಾಯಾಲಯದಲ್ಲೂ ಎರಡು ಕೊಳಗ ಕಂಡೆವು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು: ಖಾಸಗಿತನ ಮೂಲಭೂತ ಹಕ್ಕು. ಬಡವರಿಗೆ ಹೊಟ್ಟೆಯ ಚಿಂತೆ ಬಿಟ್ಟು ಬೇರೆ ಹಕ್ಕು ಬೇಡ ಎಂಬ ವಾದವನ್ನು ಪೀಠ ತಳ್ಳಿಹಾಕಿತು. ನಾವು ಸಂತೋಷಪಟ್ಟೆವು. 2018ರ ಸೆಪ್ಟೆಂಬರ್ 26ರಂದು ಆಧಾರ್ ಬಗ್ಗೆಯೇ ತೀರ್ಪು ಬಂತು. ಬ್ಯಾಂಕ್ ಖಾತೆಗೆ ಕಡ್ಡಾಯ ಬೇಡ, ಮೊಬೈಲಿಗೆ ಕಡ್ಡಾಯ ಬೇಡ ಎಂದರು. ಸರ್ಕಾರದ ಸಹಾಯಧನಕ್ಕೆ, ರೇಷನ್ನಿಗೆ? ಅದಕ್ಕೆ ಇರಲಿ ಎಂದರು. ಅಂದರೆ ಉಳ್ಳವನು ಬೇಡ ಅನ್ನಬಹುದು, ಹಸಿದವನು ಅನ್ನುವಂತಿಲ್ಲ. ಹಕ್ಕು ಎಲ್ಲರಿಗೂ ಬಂತು, ನಮ್ಮ ಪಾಲಿನದು ರೇಷನ್ ಅಂಗಡಿ ಬಾಗಿಲಲ್ಲೇ ನಿಂತಿತು.

ಉದ್ಯೋಗಖಾತ್ರಿಯಲ್ಲಿ 2023ರ ಜನವರಿಯಿಂದ ಕೂಲಿಕಾರರ ಫೋಟೋವನ್ನು ದಿನಕ್ಕೆ ಎರಡು ಸಲ ಆಪ್‌ನಲ್ಲಿ ಏರಿಸುವುದು ಕಡ್ಡಾಯ ಮಾಡಿದರು. ಕೆರೆ ಹೂಳೆತ್ತುವ ಹೆಣ್ಣುಮಗಳ ಮುಖ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ. ಬಿಲ್ಲು ಬರೆಯುವ ಗುತ್ತಿಗೆದಾರನ ಮುಖ ಯಾವ ಆಪ್‌ನಲ್ಲಿದೆ? ಕಡತ ಹಿಡಿದು ಕೂತ ಅಧಿಕಾರಿಯ ಫೋಟೋ ದಿನಕ್ಕೆರಡು ಸಲ ಯಾರು ತೆಗೆಯುತ್ತಾರೆ? ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಹಿನ್ನೀರಿನಾಚೆಯವರಿಗೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಬಂದದ್ದು 2025ರ ಜುಲೈಯಲ್ಲಿ. ಸೇತುವೆಗೆ 60 ವರ್ಷ ಕಾಯಿಸಿದವರು ನಮ್ಮ ಬೆರಳಿಗೆ ಒಂದು ದಿನವೂ ಕಾಯಲಿಲ್ಲ.

ಇನ್ನು ಕಾನೂನು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಡಿದರು. 2025ರ ನವೆಂಬರಿನಲ್ಲಿ ನಿಯಮ ತಂದರು. ಆ ಅಧಿಸೂಚನೆಯನ್ನು ಓದಿ. ನಮ್ಮ ಮಾಹಿತಿ ಕಾಯುವ ಮುಖ್ಯ ಕಲಮುಗಳಿಗೆ 18 ತಿಂಗಳ ಗಡುವು. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ಬದಲಿಸುವ ಭಾಗ ಮಾತ್ರ ಆಗಲೇ ಜಾರಿ! ಸಾರ್ವಜನಿಕ ಹಿತವಿದ್ದರೆ ವೈಯಕ್ತಿಕ ಮಾಹಿತಿ ಕೊಡಬೇಕು ಎಂಬ ಮಾತು ಆ ಕಲಮಿನಲ್ಲೇ ಇತ್ತು, ಅದನ್ನು ಕಿತ್ತರು. 8(2) ಉಳಿದಿದೆ, ಆದರೆ ಕಿಂಡಿ ಸಣ್ಣದಾಯಿತು. ಯಾರ ಹೆಸರಲ್ಲಿ ಬಿಲ್ಲಾಯಿತು, ಯಾರ ಹೆಸರಲ್ಲಿ ಅಕ್ಕಿ ಹೋಯಿತು ಅಂತ ಕೇಳಿದರೆ ‘ವೈಯಕ್ತಿಕ’ ಎಂದು ಹಿಂಬರಹ ಕೊಡುವುದು ಈಗ ಸುಲಭ. ಅದೇ ಕಾಯ್ದೆಯ ಪ್ರಕಾರ ಸರ್ಕಾರ ತನಗೆ ಬೇಕಾದ ಸಂಸ್ಥೆಯನ್ನು ಹೊರಗಿಡಬಹುದು. ಕಂಪನಿಗೆ 250 ಕೋಟಿ ರೂಪಾಯಿ ತನಕ ದಂಡ ಹಾಕಬಹುದು, ಆದರೆ ಆ ದಂಡ ಸರ್ಕಾರದ ಬೊಕ್ಕಸಕ್ಕೆ, ಕಳಕೊಂಡವನಿಗಲ್ಲ. ಹುರುಳಿಲ್ಲದ ದೂರು ಕೊಟ್ಟರೆಂದು ನಮಗೂ 10,000 ರೂಪಾಯಿ ತನಕ ದಂಡ! ಇದಕ್ಕಿಂತ ಚಂದದ ಎರಡು ಕೊಳಗ ಬೇಕೆ? ನಮ್ಮ ಮನೆ ಗಾಜಿನದು, ಒಡೆಯನ ಮನೆಗೆ ಕೋಟೆ.

ದಲಿತರಿಗೆ ಇದು ಹಣದ ಮಾತಷ್ಟೇ ಅಲ್ಲ, ತಲೆ ಮೇಲಿನ ಸೂರಿನ ಮಾತು. 1917ರಲ್ಲಿ ವಿದೇಶದಲ್ಲಿ ಓದಿ ಬಂದ ಅಂಬೇಡ್ಕರರು ಬರೋಡದಲ್ಲಿ ಪಾರ್ಸಿ ಹೆಸರಿನಲ್ಲಿ ಪಾರ್ಸಿಗಳ ವಸತಿಗೃಹ ಸೇರಬೇಕಾಯಿತು. ಜಾತಿ ಗೊತ್ತಾದ ದಿನ ದೊಣ್ಣೆ ಹಿಡಿದು ಬಂದು ಹೊರಗಟ್ಟಿದರು. ಈಗ ಬಾಡಿಗೆ ರೂಮು ಹುಡುಕುವ ನಮ್ಮ ಹುಡುಗರ ಜಾತಿ ತಿಳಿಯಲು ದೊಣ್ಣೆ ಬೇಡ. ಜಾತಿಪತ್ರ, ಆಧಾರ್, ಪಾಸ್‌ಬುಕ್ಕು ಎಲ್ಲ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದಿರುತ್ತವೆ. ಫಲಾನುಭವಿ ಪಟ್ಟಿಯೆಂದು ಹೆಸರು, ಜಾತಿ, ಫೋನ್ ನಂಬರ್ ಸಮೇತ ಊರ ವಾಟ್ಸಾಪಿಗೆ ಬಿಡುವ ಮಹನೀಯರೂ ಇದ್ದಾರೆ. ಜಾತಿ ಗಣತಿ ಬೇಡ ಅನ್ನುವವರು ನಾವಲ್ಲ. ಎಣಿಸಿ, ನಮ್ಮ ಪಾಲು ಕೊಡಿ. ಎಣಿಸುವುದು ಬೇರೆ, ಬೀದಿಗೆ ಹಾಕುವುದು ಬೇರೆ. 2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ವೇಳೆ ಹೈಕೋರ್ಟ್ ಹೇಳಿದ್ದೂ ಇದೇ: ಬಲವಂತ ಕೂಡದು, ಮಾಹಿತಿ ಗೋಪ್ಯವಾಗಿರಲಿ.

ಸಾಲದ ಆಪ್‌ಗಳನ್ನು ಮರೆಯಬೇಡಿ. ಹಳೆ ಸಾಹುಕಾರ ಮನೆ ಮುಂದೆ ನಿಂತು ಬೈಯುತ್ತಿದ್ದ. ಇವನು ಫೋನಿನೊಳಗೆ ಕೂತು ನೆಂಟರಿಷ್ಟರ ನಂಬರುಗಳನ್ನೆಲ್ಲ ಎತ್ತಿಕೊಂಡು ಎಲ್ಲರಿಗೂ ಒಟ್ಟಿಗೇ ಬೈಯುತ್ತಾನೆ, ಹೆಣ್ಣುಮಕ್ಕಳ ಚಿತ್ರ ತಿರುಚಿ ಹಂಚುತ್ತಾನೆ. ಸಾಲದ ಆಪ್ ಫೋನಿನ ನಂಬರುಗಳನ್ನೂ ಚಿತ್ರಗಳನ್ನೂ ಮುಟ್ಟಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಇದನ್ನು ನಮ್ಮ ಕೇರಿಗೆ ಬಂದು ಹೇಳಿದವರು ಯಾರು?

‘ಜಾಗ್ರತೆ ವಹಿಸಿ, ಬಯೊಮೆಟ್ರಿಕ್ ಲಾಕ್ ಮಾಡಿ’ ಎನ್ನುತ್ತಾರೆ ಬಲ್ಲವರು. ಮಾಡಬೇಕು. ಆದರೆ ಲಾಕ್ ಮಾಡಿದವರು ಅಕ್ಕಿಗೆ ಹೋದಾಗೆಲ್ಲ ಬೀಗ ತೆಗೆಯಬೇಕು. ಅದಕ್ಕೆ ಓಟಿಪಿ ಬೇಕು, ಓಟಿಪಿಗೆ ನೆಟ್‌ವರ್ಕ್ ಬೇಕು. ಗುಡ್ಡ ಹತ್ತಿ ಸಿಗ್ನಲ್ ಹಿಡಿಯುವ ಊರುಗಳು ನಮ್ಮವು. ಬೀಗದ ಕೈಯನ್ನು ಬೆಟ್ಟದ ಮೇಲಿಟ್ಟು ಮನೆ ಕಾಯಿರಿ ಅಂದರೆ ಹೆಂಗೆ? ಬೀಗ ಹಾಕುವ ಜವಾಬ್ದಾರಿ ಬಾಗಿಲು ಕಿತ್ತವನದು.

ಆದ್ದರಿಂದ ಗೆಳೆಯರೇ, ಮೇಷ್ಟ್ರುಗಳೇ, ಕೆಲಸ ಎರಡಿದೆ. ಇವತ್ತಿನದು: ಹಾಡಿ, ಕೇರಿ, ಹಾಸ್ಟೆಲ್ಲುಗಳಿಗೆ ಹೋಗಿ. ಹಣ ಹೋದ ಕೂಡಲೇ 1930ಕ್ಕೆ ಫೋನ್ ಮಾಡಲು ಹೇಳಿ. ಹೊರಗಿನವರ ಮೋಸವಾದರೆ 3 ಕೆಲಸದ ದಿನದೊಳಗೆ ಬ್ಯಾಂಕಿಗೆ ಬರೆದುಕೊಡಬೇಕು, 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಆ ರಕ್ಷಣೆ ಕೊಟ್ಟಿದೆ ಎಂದು ತಿಳಿಸಿ. ಝೆರಾಕ್ಸ್ ಕೊಡುವಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುವ ಆಧಾರ್ ಕೊಡಿಸಿ. ಅಂಗಡಿ ಕಂಪ್ಯೂಟರಿನಿಂದ ಕಾಗದ ಅಳಿಸದೆ ಎದ್ದು ಬರಬೇಡಿ.

ನಾಳೆಯದು ದೊಡ್ಡದು. ಬೆರಳು ಒಪ್ಪದಿದ್ದರೂ ಅಕ್ಕಿ ಕೊಡಬೇಕು. ಪ್ರತಿ ಷರತ್ತೂ ಕನ್ನಡದಲ್ಲಿ ಸಿಗಬೇಕು, ಅದು 2023ರ ಕಾಯ್ದೆಯೇ ಬರೆದ ಮಾತು. ಕಳಕೊಂಡವರಿಗೆ ಪರಿಹಾರ ಬೇಕು. ಮಾಹಿತಿ ಹಕ್ಕಿಗೆ ಹಾಕಿದ ಬೀಗ ತೆಗೆಯಬೇಕು.

ಕಾಗೋಡಿನವರು ಅಳೆಯಲು ಒಲ್ಲೆ ಅನ್ನಲಿಲ್ಲ. ಸರಿಯಾದ ಕೊಳಗ ತನ್ನಿ ಅಂದರು. ನಾವೂ ಅದನ್ನೇ ಅನ್ನುತ್ತೇವೆ. ನಮ್ಮನ್ನು ಅಳೆಯುವ ಕೊಳಗದಲ್ಲೇ ನಿಮ್ಮನ್ನೂ ಅಳೆಯಬೇಕು. ಅಲ್ಲಿಯ ತನಕ ಪ್ರತಿ ಕೌಂಟರಿನಲ್ಲೂ ಕೇಳೋಣ: ಯಾಕೆ ಬೇಕು? ಯಾರಿಗೆ ಕೊಡುತ್ತೀರಿ? ಯಾವಾಗ ಅಳಿಸುತ್ತೀರಿ? ಉತ್ತರ ಬರುವ ತನಕ ಬೆರಳು ಮಡಚಿಕೊಂಡೇ ಇರಲಿ. ಮಡಚಿದ ಐದು ಬೆರಳಿಗೆ ಮುಷ್ಟಿ ಅನ್ನುತ್ತಾರೆ.